ಮಿಸ್ ಕಿಟಿನ್ ಅಂಡ್ ದಿ ಹ್ಯಾಕರ್: ‘ಫಸ್ಟ್ ಆಲ್ಬಮ್’ ಇಷ್ಟು ವರ್ಷ ಕೇಳಿದ ಮೇಲೆ

ಎಲೆಕ್ಟ್ರೋಕ್ಲಾಶ್ ಎಂಬ ಎಲೆಕ್ಟ್ರಾನಿಕ್ ಸಂಗೀತದ ಶೈಲಿ ಅಂದರೇನು ಎಂದು ಯಾರಾದರೂ ಕೇಳಿದರೆ, ವಿವರಿಸುತ್ತ ಕೂರುವ ಬದಲು ಈ ಆಲ್ಬಮ್ಮಿನ ‘ಫ್ರಾಂಕ್ ಸಿನಾತ್ರಾ’ ಹಾಡು ಹಾಕಿಬಿಡುವುದು ಸುಲಭ. ಡ್ರಮ್ ಮಷೀನಿನ ಒಣ ಹೊಡೆತ, ಪಟ್ಟು ಬಿಡದೆ ಓಡುವ ಸಿಂಥ್ (ಸಿಂಥಸೈಜರ್) ಬೇಸ್, ಅದರ ಮೇಲೆ ಫ್ರೆಂಚ್ ಉಚ್ಚಾರದ ಇಂಗ್ಲಿಷಿನಲ್ಲಿ ಹಾಡದೆ ಬರೀ ಮಾತಾಡುವ ಹೆಣ್ಣುದನಿ. ಇಷ್ಟೇ ಸರಕು.

ಜೋಡಿ ಫ್ರಾನ್ಸಿನ ಗ್ರೆನೋಬ್ಲ್ ಕಡೆಯದು: ದನಿ ಮಿಸ್ ಕಿಟಿನ್ ಅಂದರೆ ಕ್ಯಾರೊಲಿನ್ ಎರ್ವೆಯದು, ಯಂತ್ರಗಳು ದಿ ಹ್ಯಾಕರ್ ಅಂದರೆ ಮಿಶೆಲ್ ಅಮಾಟೊ ಅವರವು. ‘ಫ್ರಾಂಕ್ ಸಿನಾತ್ರಾ’ ಮತ್ತು ‘1982’ ಎರಡೂ 1998ರಲ್ಲೇ ‘ಷಾಂಪೇನ್’ ಇಪಿಯಲ್ಲಿ (ಕೆಲವೇ ಹಾಡುಗಳ ಕಿರು ರೆಕಾರ್ಡಿನಲ್ಲಿ) ಬಂದಿದ್ದವು. ಪೂರ್ತಿ ಆಲ್ಬಮ್ ಬಂದದ್ದು 2001ರಲ್ಲಿ, ಡಿಜೆ ಹೆಲ್ ಅವರ ಜರ್ಮನಿಯ ರೆಕಾರ್ಡ್ ಲೇಬಲ್ ‘ಇಂಟರ್‌ನ್ಯಾಷನಲ್ ಡೀಜೆ ಜಿಗೊಲೊ’ದಿಂದ. ನ್ಯೂಯಾರ್ಕಿನಲ್ಲಿ ಡಿಜೆ ಲ್ಯಾರಿ ಟೀ ‘ಎಲೆಕ್ಟ್ರೋಕ್ಲಾಶ್’ ಹೆಸರಿನ ಉತ್ಸವ ನಡೆಸಿದ್ದೂ ಅದೇ ವರ್ಷ. ಅಂದರೆ ಕೂಸು ಹುಟ್ಟಿ ಮೂರು ವರ್ಷದ ಮೇಲೆ ನಾಮಕರಣ.

ಆಲ್ಬಮ್ಮಿನ ಬಲ ಆ ದನಿ. ‘ಫ್ರಾಂಕ್ ಸಿನಾತ್ರಾ’ದಲ್ಲಿ ಲಿಮೋಸಿನ್, ವಿಐಪಿ ಕೋಣೆ, ಖ್ಯಾತಿಯ ಸುಖ ಎಲ್ಲವನ್ನೂ ದಿನಸಿ ಚೀಟಿ ಓದಿದ ಹಾಗೆ ಓದಿ ಮುಗಿಸುತ್ತಾಳೆ. ಅಮೆರಿಕದ ಹೆಸರಾಂತ ಗಾಯಕ ಸಿನಾತ್ರಾ ಸತ್ತುಹೋದ ಎಂದು ಹೇಳಿ ನಗುವ ಒಂದು ಜಾಗ ಬರುತ್ತದೆ. ಹಾಡಿನಲ್ಲಿ ಭಾವನೆ ಹೊರಗೆ ಬರುವುದು ಅಲ್ಲೊಂದೇ ಕಡೆ. ಬೀಟ್ ಮಾತ್ರ ಕಿಂಚಿತ್ತೂ ಅಲುಗಾಡುವುದಿಲ್ಲ, ಆದ್ದರಿಂದಲೇ ನಗು ಚುಚ್ಚುತ್ತದೆ. ಅಲ್ಲೇನಾದರೂ ಬೀಟ್ ನಿಲ್ಲಿಸಿ ಎಕೋ ಹಾಕಿದ್ದರೆ ಬರೀ ನಾಟಕವಾಗುತ್ತಿತ್ತು. ‘1982’ರ ಸಾಹಿತ್ಯ ಇನ್ನೂ ಜಾಣತನದ್ದು: ಆ ಕಾಲದ ಸಿಂಥ್ ಪಾಪ್ ಹಾಡುಗಳ ಶೀರ್ಷಿಕೆಗಳನ್ನೇ ಪೋಣಿಸಿ ವಾಕ್ಯ ಮಾಡಿದ್ದಾರೆ. ಗುರುತು ಹಿಡಿದವರಿಗೆ ಮಜಾ, ಹಿಡಿಯದವರಿಗೂ ಮೇಲಿನ ಸಿಂಥ್ ಎಳೆ ಸಾಕಾಗುತ್ತದೆ.

ಇನ್ನು ಕೊರತೆ. ಒಂದೇ ಉಪಾಯವನ್ನು ತೀರಾ ಹೆಚ್ಚು ಸಲ ಬಳಸಿದ್ದಾರೆ. ‘ನರ್ಸ್’, ‘ಸ್ಟಾಕ್ ಎಕ್ಸ್‌ಚೇಂಜ್’, ‘ಲೈಫ್ ಆನ್ ಎಂಟಿವಿ’ ಮೂರರಲ್ಲೂ ಒಂದು ವೇಷ ಆರಿಸಿಕೊಂಡು ಆ ಲೋಕದ ಪದಗಳನ್ನು ನಿರ್ಭಾವವಾಗಿ ಒಪ್ಪಿಸುವುದೇ ಕೆಲಸ. ಬಿಡಿಬಿಡಿಯಾಗಿ ಕೇಳಿದರೆ ಮೂರೂ ಚೆನ್ನ. ಸಾಲಾಗಿ ಕೇಳಿದರೆ ಮುಂದಿನ ಸಾಲು ಏನು ಬರುತ್ತದೆ ಎಂದು ಮೊದಲೇ ಗೊತ್ತಾಗಿಬಿಡುತ್ತದೆ. ಡ್ರಮ್ ಶಬ್ದಗಳ ಸಂಗ್ರಹವೂ ಚಿಕ್ಕದು. ಹಾಡು ಬದಲಾದರೂ ಕ್ಲ್ಯಾಪ್ (ಚಪ್ಪಾಳೆಯಂಥ ಶಬ್ದ) ಹಳೆಯ ಪರಿಚಿತನೇ. ‘ವಾಕಿಂಗ್ ಇನ್ ದಿ ಸನ್‌ಶೈನ್’ ನಡುವೆ ಸ್ವಲ್ಪ ಉಸಿರು ಬಿಡಿಸುತ್ತದೆ. ಅಂಥದ್ದು ಇನ್ನೆರಡು ಇರಬೇಕಿತ್ತು. ಆದ್ದರಿಂದ ಒಮ್ಮೆಗೆ ನಾಲ್ಕೈದು ಹಾಡು ಸಾಕು, ಶಫಲ್‌ನಲ್ಲಿ ಬೇರೆಯವರ ಹಾಡುಗಳ ನಡುವೆ ಬಂದರೆ ಇನ್ನೂ ಲಾಭ.

ಫೋನಿನ ಸ್ಪೀಕರಿನಲ್ಲಿ ಕೇಳಿ ‘ತೆಳ್ಳಗಿದೆ’ ಎಂದು ತೀರ್ಪು ಕೊಡಬೇಡಿ. ಈ ಹಾಡುಗಳಲ್ಲಿ ರಾಗ ಎಂಬುದು ಬಹುಪಾಲು ಇರುವುದೇ ಬೇಸ್ ಸಾಲಿನಲ್ಲಿ. 200 ಹರ್ಟ್ಜ್‌ಗಿಂತ ಕೆಳಗಿನದು ಅಷ್ಟು ಚಿಕ್ಕ ಸ್ಪೀಕರಿನಲ್ಲಿ ಹೆಚ್ಚುಕಡಿಮೆ ಮಾಯ, ಉಳಿಯುವುದು ಹೈ-ಹ್ಯಾಟ್ (ಡ್ರಮ್ಮಿನ ತಾಳದ ಚೂಪು ಸದ್ದು) ಮತ್ತು ಮಾತು. ತೀರಾ ಕುಗ್ಗಿಸಿದ 128 ಕೆಬಿಪಿಎಸ್ ಎಂಪಿ3 ಇದ್ದರೆ ಎಸೆಯಿರಿ. ಕ್ಲ್ಯಾಪ್, ಹೈ-ಹ್ಯಾಟ್‌ಗಳ ಚೂಪು ಕರಗಿ ನೀರಿನಲ್ಲಿ ಗುಳುಗುಳು ಅಂದ ಹಾಗೆ ಕೇಳುತ್ತದೆ. ಶಬ್ದಗಳೇ ಕಡಿಮೆ ಇರುವ ಸಂಗೀತದಲ್ಲಿ ಅದನ್ನು ಮುಚ್ಚಿಡಲು ಬೇರೇನೂ ಇರುವುದಿಲ್ಲ. ಹೆಡ್‌ಫೋನಿನಲ್ಲಿ ದನಿ ಕಿವಿಗೆ ಚುಚ್ಚಿದರೆ ಈಕ್ವಲೈಜರಿನಲ್ಲಿ 3ರಿಂದ 5 ಕಿಲೋಹರ್ಟ್ಜ್ ಆಸುಪಾಸು 2 ಡೆಸಿಬೆಲ್ ಇಳಿಸಿ ನೋಡಿ. ‘ಬೇಸ್ ಬೂಸ್ಟ್’ ಮಾತ್ರ ಒತ್ತಬೇಡಿ: ಕಿಕ್ (ದೊಡ್ಡ ಡ್ರಮ್ಮಿನ ಹೊಡೆತ) ಮತ್ತು ಬೇಸ್ ಒಂದರೊಳಗೊಂದು ಕಲಸಿ ಮುದ್ದೆಯಾಗುತ್ತವೆ, ಇದರ ಸೊಗಸೇ ಆ ಎರಡರ ನಡುವಿನ ಖಾಲಿ ಜಾಗ.

ಸಾಹಿತ್ಯ ಅಲ್ಲಲ್ಲಿ ಹಸಿಹಸಿ. ‘ಫ್ರಾಂಕ್ ಸಿನಾತ್ರಾ’ವನ್ನು ಮನೆಮಂದಿಯೆಲ್ಲ ಇರುವ ಕಾರಿನಲ್ಲಿ ಹಾಕುವ ಸಾಹಸ ಬೇಡ.

ಹಾಡಿಕೆ, ಮಾಧುರ್ಯ ಬೇಕಾದವರು ಇದೇ ಜೋಡಿಯ 2009ರ ‘ಟೂ’ ನೋಡಬಹುದು. ಎಲ್ವಿಸ್ ಪ್ರೀಸ್ಲಿಯ ‘ಸಸ್ಪಿಷಿಯಸ್ ಮೈಂಡ್ಸ್’ನ ಮರುಗಾಯನವೂ ಅದರಲ್ಲಿದೆ. ಅಲ್ಲಿ ದನಿ ಮೆತ್ತಗಾಗಿದೆ, ಹಲ್ಲೂ ಸ್ವಲ್ಪ ಮೊಂಡಾಗಿದೆ. 2022ರಲ್ಲಿ ‘ಥರ್ಡ್ ಆಲ್ಬಮ್’ ಕೂಡ ಬಂತು. ಹೆಸರಿಡುವುದರಲ್ಲಿ ಇವರು ಎಂದೂ ತಲೆ ಕೆಡಿಸಿಕೊಂಡವರಲ್ಲ.

ಹೊಸಬರು ‘1982’ರಿಂದ ಶುರು ಮಾಡಿ, ಆಮೇಲೆ ‘ಫ್ರಾಂಕ್ ಸಿನಾತ್ರಾ’, ಆಮೇಲೆ ‘ಸ್ಟಾಕ್ ಎಕ್ಸ್‌ಚೇಂಜ್’. ಮೂರನ್ನೂ ಸರಿಯಾದ ಸ್ಪೀಕರಿನಲ್ಲಿ ಎರಡೆರಡು ಸಲ ಕೇಳಿಯೂ ಹಿಡಿಸದಿದ್ದರೆ ಆಲ್ಬಮ್ ಕೊಳ್ಳಬೇಡಿ. ಉಳಿದ ಹಾಡುಗಳು ನಿಮ್ಮ ಮನಸ್ಸು ಬದಲಾಯಿಸುವಂಥವಲ್ಲ.