ಶೇಪ್‌ಫೈಲ್, ಜಿಯೋಪ್ಯಾಕೇಜ್, ಆರ್ಕ್‌ಜಿಐಎಸ್, ಪೋಸ್ಟ್‌ಜಿಐಎಸ್: ಸರ್ಕಾರಿ ನಕ್ಷೆ ಹಂಚಿಕೊಳ್ಳಲು ಯಾವುದು ಸರಿ?

ಮೊದಲೇ ಹೇಳಿಬಿಡುತ್ತೇನೆ. ಒಂದು ಇಲಾಖೆಯ ಒಳಗೆ ನಕ್ಷೆಯ ಡೇಟಾ ಇಡಲು ನನ್ನ ಓಟು ಪೋಸ್ಟ್‌ಜಿಐಎಸ್ ಅನ್ನುವ ಉಚಿತ ಡೇಟಾಬೇಸ್ ವ್ಯವಸ್ಥೆಗೆ. ಇನ್ನೊಂದು ಇಲಾಖೆಗೆ ಕೊಡಬೇಕು ಅಂದರೆ ಅದರ ಮುಂದೆ ಜಿಯೋಸರ್ವರ್, ಅಂದರೆ ನಕ್ಷೆಯನ್ನು ವೆಬ್ ಮೂಲಕ ಹಂಚುವ ಸಾಫ್ಟ್‌ವೇರ್. ನೆಟ್ ಸಿಗದ ಹಳ್ಳಿಗೆ ಹೋಗುವವರ ಕೈಗೆ ಜಿಯೋಪ್ಯಾಕೇಜ್ ಅನ್ನುವ ಒಂದೇ ಫೈಲ್. ದುಡ್ಡು ಕೊಟ್ಟು ಕೊಳ್ಳುವ ಆರ್ಕ್‌ಜಿಐಎಸ್ ಎಂಟರ್‌ಪ್ರೈಸ್ ಸಾಫ್ಟ್‌ವೇರ್ ಒಳ್ಳೆಯದೇ, ಆದರೆ ಎಲ್ಲರಿಗೂ ಅಲ್ಲ. ಶೇಪ್‌ಫೈಲ್ ಅನ್ನುವ ಹಳೆಯ ಫೈಲ್ ಮಾದರಿ ಅಂತೂ ಇನ್ನು ಸಾಕು.

ನಾನು ಪುಣೆಯಲ್ಲಿ ಸರ್ಕಾರಿ ಕಚೇರಿಗಳಿಗೆ ನಕ್ಷೆ ಕೆಲಸ ಮಾಡಿಕೊಡುವ ತಂಡದಲ್ಲಿದ್ದೇನೆ. ನಮ್ಮಲ್ಲಿ ವಿಜಯಪುರ, ಬೆಳಗಾವಿ, ಹುಬ್ಬಳ್ಳಿ ಕಡೆಯವರು ಜಾಸ್ತಿ. ಊರಿನಲ್ಲಿ ಇದೇ ಕೆಲಸ ಮಾಡುವ ಗೆಳೆಯರು ಯಾವುದು ಒಳ್ಳೆಯದು ಅಂತ ಕೇಳುತ್ತಲೇ ಇರುತ್ತಾರೆ, ಅದಕ್ಕೇ ಈ ಬರಹ. ಒಂದೇ ತಾಲೂಕಿನ ಹಳ್ಳಿ ಗಡಿ, ರಸ್ತೆ, ಬಾವಿ, ಗಟ್ ನಂಬರಿನ (ಮಹಾರಾಷ್ಟ್ರದ ಸರ್ವೆ ನಂಬರ್ ಥರ) ಹೊಲಗಳು, ಇಷ್ಟನ್ನೂ ಈ ಎಲ್ಲ ದಾರಿಗಳಲ್ಲಿ ಇಟ್ಟು, ಅದೇ ಜನರ ಕೈಯಲ್ಲಿ ತಿದ್ದಿಸಿ ನೋಡಿದ್ದೇವೆ.

ತೊಂದರೆ ಎಲ್ಲಿದೆ ಅಂತ ತಿಳಿಯಲು ಪುಣೆಯ ಗಡಿಯನ್ನೇ ನೋಡಿ. 2017ರಲ್ಲಿ ಮಹಾನಗರ ಪಾಲಿಕೆಗೆ 11 ಹಳ್ಳಿಗಳು ಸೇರಿದವು. 2021ರಲ್ಲಿ ಇನ್ನೂ 23 ಬಂದವು. ಆಮೇಲೆ ಉರುಳಿ ದೇವಾಚಿ, ಫುರಸುಂಗಿ ಹೊರಗೆ ಹೋದವು. ಕೆಲವೇ ವರ್ಷಗಳಲ್ಲಿ ಒಂದು ಊರಿನ ಗಡಿಗೆ ನಾಲ್ಕು ಆಕಾರ. ನೀರಿನ ಕೆಲಸದವರ ಕಂಪ್ಯೂಟರಿನಲ್ಲಿ ಒಂದು ಗಡಿ, ರಸ್ತೆಯವರ ಹತ್ತಿರ ಇನ್ನೊಂದು ಇದ್ದರೆ, ನಡುವಿನ ಹಳ್ಳಿಯ ಮನೆಗಳು ಒಬ್ಬರ ಲೆಕ್ಕದಲ್ಲೂ ಇರುವುದಿಲ್ಲ, ಇಲ್ಲವೇ ಇಬ್ಬರ ಲೆಕ್ಕದಲ್ಲೂ ಇರುತ್ತವೆ. ಓಡಾಡಬೇಕಾದವರು ಆ ಮನೆಯವರು. ಹಾಗಾಗಿ ನಾನು ಕೇಳುವ ಪ್ರಶ್ನೆ ಒಂದೇ: ಇವತ್ತಿನ ಗಡಿ ಯಾವುದು ಅಂದರೆ ಎಲ್ಲ ಕಚೇರಿಯಿಂದಲೂ ಒಂದೇ ಉತ್ತರ ಬರುತ್ತದಾ?

ಶೇಪ್‌ಫೈಲ್‌ನಲ್ಲಿ ಬರುವುದಿಲ್ಲ. ಎಸ್ರಿ ಕಂಪನಿ 90ರ ದಶಕದಲ್ಲಿ ತಂದ ಫಾರ್ಮ್ಯಾಟ್ ಇದು, ಆಗಿನ ಕಾಲಕ್ಕೆ ಬಹಳ ಉಪಕಾರ ಮಾಡಿದೆ, ಇಲ್ಲ ಅನ್ನುವುದಿಲ್ಲ. ಆದರೆ ಹೆಸರಿಗೆ ಒಂದು ಫೈಲ್, ನಿಜದಲ್ಲಿ ಕನಿಷ್ಠ ಮೂರು. ನಾಲ್ಕನೆಯದು ಪಿಆರ್‌ಜೆ, ಪ್ರೊಜೆಕ್ಷನ್, ಅಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸಿದ ಲೆಕ್ಕ, ಯಾವುದು ಅಂತ ಹೇಳುವ ಫೈಲ್. ಪೆನ್‌ಡ್ರೈವ್‌ನಲ್ಲಿ ಬರುವಾಗ ಕಳೆದುಹೋಗುವುದು ಅದೇ. ಮಹಾರಾಷ್ಟ್ರದಲ್ಲಿ ಇದು ಸಣ್ಣ ವಿಷಯ ಅಲ್ಲ, ಯಾಕೆಂದರೆ 78 ಡಿಗ್ರಿ ರೇಖಾಂಶದಲ್ಲಿ ಯುಟಿಎಂ ವಲಯ (ಅಳೆಯಲು ಭೂಮಿಯನ್ನು ಭಾಗಿಸಿದ ಉದ್ದನೆಯ ಪಟ್ಟಿ) ಬದಲಾಗುತ್ತದೆ: ಪುಣೆ, ಮುಂಬೈ 43ರಲ್ಲಿ, ನಾಗಪುರ 44ರಲ್ಲಿ. ನಮ್ಮ ಕರ್ನಾಟಕದಲ್ಲೂ ಬೆಂಗಳೂರು 43, ಕೋಲಾರ 44. ಪಿಆರ್‌ಜೆ ಇಲ್ಲದ ಫೈಲ್ ಬಂದರೆ ಯಾವ ವಲಯ ಅಂತ ಅಂದಾಜಿನ ಮೇಲೆ ಕೂರಿಸಬೇಕು.

ಇನ್ನು ಕಾಲಂ ಹೆಸರು 10 ಅಕ್ಷರ ದಾಟುವಂತಿಲ್ಲ. ಗಟ್ ನಂಬರ್ ಹಳೆಯದು, ಗಟ್ ನಂಬರ್ ಹೊಸದು ಅಂತ ಇಂಗ್ಲಿಷ್ ಅಕ್ಷರದಲ್ಲಿ ಎರಡು ಕಾಲಂ ಇಟ್ಟರೆ ಎರಡೂ ಕತ್ತರಿಸಿ ಒಂದೇ ಹೆಸರಾಗುತ್ತವೆ, ಸಾಫ್ಟ್‌ವೇರ್ ಎರಡನೆಯದರ ಬಾಲಕ್ಕೆ ಸುಮ್ನೆ 1 ಅಂಟಿಸುತ್ತದೆ. ಯಾವುದು ಹಳೆಯದು ಅಂತ ಹೇಳುವವರು ಯಾರು? ಕನ್ನಡ, ಮರಾಠಿಯ ಒಂದೊಂದು ಚಿಹ್ನೆಗೆ ಯುನಿಕೋಡ್‌ನಲ್ಲಿ 3 ಬೈಟ್ ಬೇಕು, ಒಂದು ಕಾಲಂನಲ್ಲಿ ಹಿಡಿಸುವುದು 254 ಬೈಟ್, ಅಂದರೆ ಒತ್ತು, ಗುಣಿತ ಎಲ್ಲ ಸೇರಿ 84 ಚಿಹ್ನೆ. ಮಾಲೀಕರ ಹೆಸರುಗಳ ಪಟ್ಟಿ ಅರ್ಧಕ್ಕೆ ನಿಲ್ಲುತ್ತದೆ. ಜಮೀನಿನ ವಿಷಯದಲ್ಲಿ ಹೀಗಾದರೆ ಒಪ್ಪಲು ನನಗೆ ಆಗುವುದಿಲ್ಲ.

ಜಿಯೋಪ್ಯಾಕೇಜ್ ಇದಕ್ಕೆಲ್ಲ ಪರಿಹಾರ. 2014ರಲ್ಲಿ ಓಜಿಸಿ, ಅಂದರೆ ನಕ್ಷೆ ಡೇಟಾಗೆ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ರೂಪಿಸುವ ಸಂಸ್ಥೆ, ಇದನ್ನು ಸ್ಟ್ಯಾಂಡರ್ಡ್ ಮಾಡಿತು. ಒಳಗಿರುವುದು ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್. ಎಷ್ಟು ಲೇಯರ್ (ರಸ್ತೆ, ಬಾವಿಯಂಥ ಒಂದೊಂದು ಪದರ) ಇದ್ದರೂ ಒಂದೇ ಫೈಲ್, ಉದ್ದದ ಕಾಲಂ ಹೆಸರು ನಡೆಯುತ್ತದೆ, ಪ್ರೊಜೆಕ್ಷನ್ ಒಳಗೇ ಇರುತ್ತದೆ, ಕನ್ನಡ ಹಾಳಾಗುವುದಿಲ್ಲ. ನಕ್ಷೆ ತೆರೆದು ತಿದ್ದುವ ಉಚಿತ ಸಾಫ್ಟ್‌ವೇರ್ ಕ್ಯೂಜಿಐಎಸ್ ಹಾಕಿಕೊಂಡರೆ ಖರ್ಚು ಸೊನ್ನೆ. ಫೀಲ್ಡ್‌ಗೆ ಹೋಗುವ ತಲಾಠಿಗೆ (ಹಳ್ಳಿಯ ಲೆಕ್ಕಿಗ), ಸರ್ವೇಯರ್‌ಗೆ ಕೊಡಲು ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಆದರೆ ಇದನ್ನು ಆಫೀಸಿನ ಶೇರ್ಡ್ ಫೋಲ್ಡರ್‌ನಲ್ಲಿ ಇಟ್ಟು ಎಲ್ಲರೂ ತೆರೆಯುವುದು ಬೇಡ. ಎಸ್‌ಕ್ಯೂಲೈಟ್ ನೆಟ್‌ವರ್ಕ್ ಡ್ರೈವ್‌ಗೆ ಮಾಡಿದ್ದಲ್ಲ. ಒಬ್ಬರು ಬರೆಯುವಾಗ ಇನ್ನೊಬ್ಬರು ಕಾಯಬೇಕು, ಒಮ್ಮೊಮ್ಮೆ ಫೈಲ್ ಲಾಕ್ ಆಗಿ ಕೂರುತ್ತದೆ. ಫೈಲ್ ತೆರೆದಿರುವಾಗ ಪಕ್ಕದಲ್ಲಿ ಡಬ್ಲ್ಯುಎಎಲ್ ಅನ್ನುವ ಬಾಲದ ಇನ್ನೊಂದು ಫೈಲ್ ಹುಟ್ಟುತ್ತದೆ, ಹೊಸ ತಿದ್ದುಪಡಿ ಮೊದಲು ಹೋಗುವುದು ಅದಕ್ಕೆ. ಅದನ್ನು ಬಿಟ್ಟು ಕಾಪಿ ಮಾಡಿದರೆ ಕೊನೆಯ ತಿದ್ದುಪಡಿ ಬರುವುದೇ ಇಲ್ಲ. ಮತ್ತೆ, ಕಾಪಿ ಹಂಚಿದರೆ ಗಡಿಯ ಪ್ರಶ್ನೆ ಇದ್ದಲ್ಲೇ ಇರುತ್ತದೆ ಅಲ್ವಾ?

ಆರ್ಕ್‌ಜಿಐಎಸ್ ಎಂಟರ್‌ಪ್ರೈಸ್ ಬಗ್ಗೆ ಜಾಸ್ತಿ ಎಳೆಯುವುದಿಲ್ಲ. ಬ್ರೌಸರಿನಲ್ಲಿ ನೋಡುವುದು, ಗುಂಪು ಮಾಡಿ ಹಂಚುವುದು, ಮೊಬೈಲ್ ಆಪ್, ಎಲ್ಲವೂ ಬಂದ ದಿನವೇ ಸಿದ್ಧ. ಇಬ್ಬರು ಒಂದೇ ಹೊಲವನ್ನು ತಿದ್ದಿದರೆ ಯಾರದ್ದು ಇಡಬೇಕು ಅಂತ ಕೇಳುವ ವ್ಯವಸ್ಥೆ ಇದೆ, ಈ ಒಂದು ವಿಷಯದಲ್ಲಿ ಇದೇ ಎಲ್ಲಕ್ಕಿಂತ ಮುಂದು. ಆದರೆ ಬಳಸುವ ಒಬ್ಬೊಬ್ಬರ ಹೆಸರಿಗೂ ಲೈಸೆನ್ಸ್ ಕೊಳ್ಳಬೇಕು. ಜಿಲ್ಲೆ ಮಟ್ಟದಲ್ಲಿ ಸರಿ. ತಾಲೂಕು, ಗ್ರಾಮ ಪಂಚಾಯತಿವರೆಗೆ ಇಳಿಸಿದರೆ ಬಜೆಟ್ ತಡೆಯುವುದಿಲ್ಲ, ಕೊನೆಗೆ ಒಂದು ಲಾಗಿನ್ ಅನ್ನು ಇಡೀ ಆಫೀಸ್ ಬಳಸುತ್ತದೆ, ಆಗ ಯಾರು ಏನು ತಿದ್ದಿದರು ಅನ್ನುವುದೇ ಗೊತ್ತಾಗುವುದಿಲ್ಲ.

ಪೋಸ್ಟ್‌ಜಿಐಎಸ್ 2001ರಿಂದ ಇದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ನಕ್ಷೆ ಅರ್ಥವಾಗುವ ಹಾಗೆ ಮಾಡುವ ಎಕ್ಸ್‌ಟೆನ್ಶನ್, ದುಡ್ಡಿಲ್ಲ. ನನಗೆ ಇಷ್ಟವಾಗುವುದು ಇದರ ಶಿಸ್ತು. ತನ್ನನ್ನೇ ದಾಟಿಕೊಂಡು ಗಂಟಾದ ಗೆರೆಯ ಹೊಲ ಬಂದರೆ ಒಳಗೇ ಬಿಡಬೇಡ ಅಂತ ನಿಯಮ ಹಾಕಬಹುದು. ಹಳ್ಳಿಯ ಎಲ್‌ಜಿಡಿ ಕೋಡ್ (ಕೇಂದ್ರ ಸರ್ಕಾರ ಪ್ರತಿ ಹಳ್ಳಿಗೂ ಕೊಟ್ಟ ಸಂಖ್ಯೆ) ಪಟ್ಟಿಯಲ್ಲಿ ಇಲ್ಲದಿದ್ದರೆ ಸಾಲನ್ನೇ ತಿರಸ್ಕರಿಸಬಹುದು. ಕೋಡ್ ಬಿಟ್ಟು ಹಳ್ಳಿಯ ಹೆಸರಿನ ಮೇಲೆ ಡೇಟಾ ಜೋಡಿಸುವವರು ದಯವಿಟ್ಟು ಇದನ್ನು ಗಮನಿಸಿ, ವಡಗಾಂವ್ ಅನ್ನುವ ಹೆಸರು ಪುಣೆ ಜಿಲ್ಲೆಯಲ್ಲೇ ಹಲವು ಕಡೆ ಇದೆ. ಪೋಸ್ಟ್‌ಗ್ರೆಸ್ 9.5ರಿಂದ ಸಾಲು ಸಾಲಿಗೆ ಬೀಗ ಹಾಕಬಹುದು: ಈ ತಾಲೂಕಿನವರು ತಮ್ಮ ಹೊಲಗಳನ್ನು ತಿದ್ದಬಹುದು, ಪಕ್ಕದ ತಾಲೂಕಿನದ್ದನ್ನು ನೋಡಬಹುದು ಅಷ್ಟೇ. ಗಡಿಗೆ ‘ಯಾವಾಗಿನಿಂದ’, ‘ಯಾವಾಗಿನವರೆಗೆ’ ಅಂತ ಎರಡು ತಾರೀಖಿನ ಕಾಲಂ ಇಟ್ಟರೆ 2017ರ ಗಡಿಯೂ ಉಳಿಯುತ್ತದೆ, ಇವತ್ತಿನದೂ ಸಿಗುತ್ತದೆ, ಯಾರೂ ಫೈಲ್ ಹೆಸರಿಗೆ ಫೈನಲ್, ಫೈನಲ್ 2 ಅಂತ ಸೇರಿಸಬೇಕಾಗಿಲ್ಲ.

ಕೊರತೆಯೂ ಇದೆ. ಕ್ಯೂಜಿಐಎಸ್‌ನಿಂದ ಇಬ್ಬರು ಒಂದೇ ಹೊಲ ತಿದ್ದಿದರೆ ಕೊನೆಗೆ ಸೇವ್ ಮಾಡಿದವರದ್ದೇ ನಿಲ್ಲುತ್ತದೆ, ಎಚ್ಚರಿಕೆ ಏನೂ ಬರುವುದಿಲ್ಲ. ಟ್ರಿಗರ್ (ತಿದ್ದಿದಾಗ ತಾನಾಗಿ ಓಡುವ ಸಣ್ಣ ಪ್ರೋಗ್ರಾಂ) ಬರೆದು ಹಳೆಯ ಸಾಲನ್ನು ಇತಿಹಾಸದ ಟೇಬಲ್‌ನಲ್ಲಿ ಉಳಿಸಿಕೊಳ್ಳಬೇಕು. ಎಲ್ಲಕ್ಕಿಂತ ದೊಡ್ಡದು, ಇದನ್ನು ನೋಡಿಕೊಳ್ಳಲು ಒಬ್ಬರು ಬೇಕು. ಒಂದು ಕಚೇರಿಯಲ್ಲಿ ಗುತ್ತಿಗೆಯ ಹುಡುಗ ಕೆಲಸ ಬಿಟ್ಟ ಮೇಲೆ ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ, ಒಳ್ಳೆಯ ಡೇಟಾ ಸರ್ವರಿನಲ್ಲೇ ಬಂದಿಯಾಗಿ ಕೂತಿತ್ತು. ಕಾಯಂ ನೌಕರರಲ್ಲಿ ಇಬ್ಬರಿಗಾದರೂ ಕಲಿಸದೆ ಇದನ್ನು ಶುರು ಮಾಡಬೇಡಿ. ಅಂಥ ಇಬ್ಬರು ಸಿಗದಿದ್ದರೆ ಜಿಯೋಪ್ಯಾಕೇಜ್ ಇಟ್ಟುಕೊಂಡು, ಯಾವ ಲೇಯರ್ ಯಾರದ್ದು ಅಂತ ಮೊದಲು ಬರೆದಿಡಿ.

ಇಲಾಖೆಯ ಹೊರಗೆ ಹಂಚಲು ಹೋದಾಗ ಪೋಸ್ಟ್‌ಗ್ರೆಸ್‌ನ 5432 ಪೋರ್ಟ್ (ಹೊರಗಿನಿಂದ ಡೇಟಾಬೇಸ್‌ಗೆ ಬರುವ ಬಾಗಿಲು) ತೆರೆಯಿರಿ ಅಂದರೆ ನೆಟ್‌ವರ್ಕ್‌ನವರು ಒಪ್ಪುವುದಿಲ್ಲ. ಒಪ್ಪಬಾರದು ಕೂಡ. ಇಲ್ಲಿ ಜಿಯೋಸರ್ವರ್ ಕೆಲಸಕ್ಕೆ ಬರುತ್ತದೆ. ಮಾಮೂಲಿ ವೆಬ್‌ಸೈಟಿನ ಹಾಗೆ 443 ಪೋರ್ಟ್‌ನಲ್ಲೇ ಹೋಗುತ್ತದೆ. ಹಂಚಲು ಎರಡು ವಿಧಾನ: ಡಬ್ಲ್ಯುಎಂಎಸ್ ಕೊಟ್ಟರೆ ಚಿತ್ರ ಮಾತ್ರ, ಡಬ್ಲ್ಯುಎಫ್‌ಎಸ್ ಕೊಟ್ಟರೆ ಡೇಟಾ. ನಾವು ತಿದ್ದಿದ ಗಡಿ ಇನ್ನೊಂದು ಕಚೇರಿಯವರು ನಕ್ಷೆ ತೆರೆದಾಗ ತಾನಾಗಿ ಬರುತ್ತದೆ. ಒಂದು ಎಚ್ಚರಿಕೆ: ಡಬ್ಲ್ಯುಎಫ್‌ಎಸ್ 1.1ರಿಂದ ಮುಂದೆ ಅಕ್ಷಾಂಶ ಮೊದಲು ಬರಬಹುದು, ಹಳೆಯ ಸಾಫ್ಟ್‌ವೇರ್ ರೇಖಾಂಶ ಮೊದಲು ಅಂದುಕೊಳ್ಳುತ್ತದೆ. ಆಗ 18.52, 73.86ರಲ್ಲಿರುವ ಪುಣೆ ನಾರ್ವೆಯ ಉತ್ತರದ ಸಮುದ್ರದಲ್ಲಿ ಕಾಣುತ್ತದೆ. ಡೇಟಾ ತಪ್ಪಿಲ್ಲ, ಅಕ್ಷ ಅದಲುಬದಲಾಗಿದೆ ಅಷ್ಟೇ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. 2021ರ ಫೆಬ್ರವರಿ 15ರಂದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ತಂದ ಮಾರ್ಗಸೂಚಿಯ ಪ್ರಕಾರ, ಸಾರ್ವಜನಿಕ ಹಣದಲ್ಲಿ ಮಾಡಿದ ನಕ್ಷೆ ಡೇಟಾ, ಭದ್ರತೆಯ ಗುಟ್ಟಿನದ್ದನ್ನು ಬಿಟ್ಟು, ಸರ್ಕಾರಿ ಸಂಸ್ಥೆಗಳಿಗೆ ಉಚಿತವಾಗಿ ಸಿಗಬೇಕು. ಪಕ್ಕದ ಇಲಾಖೆ ಶುಲ್ಕ ಕೇಳಿದರೆ ಪತ್ರದಲ್ಲಿ ಇದನ್ನೇ ಉಲ್ಲೇಖಿಸಿ. ಅದೇ ಮಾರ್ಗಸೂಚಿ ಅಡ್ಡಕ್ಕೆ 1 ಮೀಟರ್, ಎತ್ತರಕ್ಕೆ 3 ಮೀಟರ್‌ಗಿಂತ ಸೂಕ್ಷ್ಮವಾದ ಡೇಟಾ ಭಾರತದ ಒಳಗೇ ಇರಬೇಕು ಅನ್ನುತ್ತದೆ. ಡ್ರೋನ್‌ನಿಂದ ಅಳೆದ ಊರಿನ ನಕ್ಷೆ ಈ ಸಾಲಿಗೇ ಬರುತ್ತದೆ, ಆದ್ದರಿಂದ ಸರ್ವರ್ ಬಾಡಿಗೆಗೆ ಹಿಡಿಯುವಾಗ ಅದು ಯಾವ ದೇಶದಲ್ಲಿದೆ ಅಂತ ಲಿಖಿತವಾಗಿ ಕೇಳಿ ಪಡೆದುಕೊಳ್ಳಿ.