ಏಪ್ರಿಲ್‌ನಲ್ಲಿ "ಫಾಲ್ಸ್ + ಟ್ರೆಕ್ಕಿಂಗ್" ಪ್ಯಾಕೇಜಿಗೆ ದುಡ್ಡು ಹಾಕುವ ಮೊದಲು ಇದನ್ನು ಓದಿ

ಕಾಸರಗೋಡು, ಬದಿಯಡ್ಕ, ಮುಳ್ಳೇರಿಯ ಕಡೆಯವರು ಯಾರಾದರೂ ಮಕ್ಕಳ ರಜೆಯಲ್ಲಿ ಮಡಿಕೇರಿ ಕಡೆ ಮೂರು ದಿನ ಹೋಗಿ ಬರುವ ಅಂತ ಇದ್ದರೆ, ಅಡ್ವಾನ್ಸ್ ಕಳಿಸುವ ಮೊದಲು ದಯವಿಟ್ಟು ಇದನ್ನು ಓದಿ. ಕಳಿಸಿದ ಮೇಲೆ ಓದಿ ಪ್ರಯೋಜನ ಇಲ್ಲ. ನಮ್ಮದು ಹೋಯಿತು.

ಏಜೆಂಟನ ಹೆಸರು ಹಾಕುವುದಿಲ್ಲ. ದೂರು ಕೊಟ್ಟಾಗಿದೆ, ಅದು ಎಲ್ಲಿಗೆ ಮುಟ್ಟುತ್ತದೋ ಮುಟ್ಟಲಿ. ಹೆಸರಿಗಿಂತ ಅವನು ಆಡಿದ ಮಾತು ಮುಖ್ಯ. ನಾಳೆ ಅದೇ ಮಾತನ್ನು ಇನ್ನೊಬ್ಬ ನಿಮ್ಮ ಹತ್ತಿರ ಆಡುತ್ತಾನೆ.

ಲೆಕ್ಕ ಹೀಗೆ. ಹನ್ನೆರಡು ಜನ, ಮೂರು ಹಗಲು ಎರಡು ರಾತ್ರಿ, ತಲೆಗೆ 5,200. ಒಟ್ಟು 62,400. ಅರ್ಧ, ಅಂದರೆ 31,200, ಗೂಗಲ್ ಪೇಯಲ್ಲಿ ಮೊದಲೇ. ಉಳಿದದ್ದು ಗಾಡಿ ಹತ್ತುವಾಗ. ವಾಟ್ಸಾಪಿನಲ್ಲಿ ಬಂದದ್ದು ಐದು ಸಾಲು: "ಟೆಂಪೋ ಟ್ರಾವೆಲರ್ 12 ಸೀಟ್. ಅಬ್ಬಿ, ಮಲ್ಲಳ್ಳಿ ಫಾಲ್ಸ್. ಮಾಂದಲಪಟ್ಟಿ, ಪುಷ್ಪಗಿರಿ ಟ್ರೆಕ್ಕಿಂಗ್, ತಲಕಾವೇರಿ, ರಾಣಿಪುರಂ. ಸ್ಟೇ, ಊಟ, ಪರ್ಮಿಟ್ ಸೇರಿ. 300 ಕಿ.ಮೀ." ಕೆಳಗೆ ಮಲ್ಲಳ್ಳಿಯ ಒಂದು ಫೋಟೋ.

ಈ ಐದು ಸಾಲಿನಲ್ಲಿ ಮೂರು ಗುಂಡಿ ಉಂಟು. ಮೂರಕ್ಕೂ ಬಿದ್ದದ್ದಾಯಿತು. ಆ ದಾರಿ ಗೊತ್ತಿಲ್ಲದವರು ಬಿದ್ದರೆ ಬೇರೆ ಮಾತು. ಜಾಲ್ಸೂರು, ಸುಳ್ಯ, ಸಂಪಾಜೆ ಘಾಟಿಯ ತಿರುವೆಲ್ಲ ಬಾಯಿಪಾಠ ಇರುವವನು ಬಿದ್ದದ್ದು ನಾಚಿಕೆಗೇಡು. ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಮೊದಲು ಫೋಟೋ. ಬಂಡೆ ತುಂಬ ಬೆಳ್ಳಗೆ ನೀರು, ಕೆಳಗಿನ ಗುಂಡಿಯಲ್ಲಿ ಕೆಂಪು ಮಣ್ಣಿನ ಬಣ್ಣ, ಸುತ್ತ ಪಾಚಿ ಹಸಿರು. ಹೋಗಿ ಬಂದ ಮೇಲೆ ಅದನ್ನೇ ಬೆರಳಲ್ಲಿ ಹಿಗ್ಗಿಸಿ ನೋಡಿದಾಗ ಎಡಮೂಲೆಯಲ್ಲಿ ಮೂರು ಜನ ನಿಂತದ್ದು ಕಂಡಿತು. ಮೂವರ ಕೈಯಲ್ಲೂ ಬಿಡಿಸಿದ ಕೊಡೆ! ಜುಲೈಯದ್ದೋ ಆಗಸ್ಟಿನದ್ದೋ ಫೋಟೋ ಮಾರಾಯ್ರೇ. ಏಪ್ರಿಲಿಗೆ ಮಾರಿದ್ದಾನೆ. ಕೆಂಪು ನೀರು ಕಂಡಾಗಲೇ ಗೊತ್ತಾಗಬೇಕಿತ್ತು. ಮಲ್ಲಳ್ಳಿಯಲ್ಲಿ ಬೀಳುವ ಕುಮಾರಧಾರೆ ಹೊಳೆ ಬೇಸಿಗೆಯಲ್ಲಿ ಕನ್ನಡಿಯ ಹಾಗೆ ತಿಳಿ. ಕೆಂಪಾಗುವುದು ಗುಡ್ಡ ತೊಳೆದು ಬಂದಾಗ ಮಾತ್ರ.

ಕೊಡಗಿನ ಜಲಪಾತಗಳೆಲ್ಲ ಜೂನ್‌ನಿಂದ ಸೆಪ್ಟೆಂಬರಿನ ಮಳೆಯನ್ನು ನಂಬಿ ನಿಂತದ್ದು. ಅಕ್ಟೋಬರ್, ನವೆಂಬರ್ ತನಕ ಗುಡ್ಡದ ಹುಲ್ಲು, ಶೋಲಾ ಕಾಡು ಹಿಡಿದಿಟ್ಟ ನೀರು ಇಳಿದು ಬರುತ್ತಾ ಇರುತ್ತದೆ, ಜನವರಿ ಆಚೆ ಸೊರಗುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಬೀಳುವ ಹೂಮಳೆ ಕಾಫಿ ಹೂ ಬಿಡಲಿಕ್ಕೆ ಸಾಕು, ಹೊಳೆ ತುಂಬಲಿಕ್ಕೆ ಸಾಲದು. ಒಣಗಿದ ಮಣ್ಣೇ ಅದನ್ನು ಕುಡಿದು ಮುಗಿಸುತ್ತದೆ. ಹಾಗಾಗಿ ಏಪ್ರಿಲ್ ಮೂರನೇ ವಾರ ಅಬ್ಬಿಯಲ್ಲಿ ಕಂಡದ್ದು ಕರಿ ಬಂಡೆ, ಅದರ ಮೇಲೆ ನಾಲ್ಕೈದು ಬಿಳಿ ಗೆರೆ. ಮಲ್ಲಳ್ಳಿಯಲ್ಲಿ ನೂರಾರು ಮೆಟ್ಟಿಲು ಇಳಿದು, ಹತ್ತಿ ಬರುವಾಗ ಅತ್ತೆಯವರಿಗೆ ಮಂಡಿ ಹಿಡಿಯಿತು. ನೀರೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ, ಇತ್ತು. ಫೋಟೋದ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ.

ಅಲ್ಲಿಂದಲೇ ಫೋನ್ ಮಾಡಿದಾಗ ಏಜೆಂಟನ ಉತ್ತರ, ಶಬ್ದಕ್ಕೆ ಶಬ್ದ (ಮಾಷೇ ಅಂದರೆ ಮೇಷ್ಟ್ರೇ): "ಮಾಷೇ, ಫಾಲ್ಸ್ ತೋರಿಸ್ತೇವೆ ಅಂತ ಹೇಳಿದ್ದು. ನೀರು ತೋರಿಸ್ತೇವೆ ಅಂತ ಎಲ್ಲಿ ಹೇಳಿದ್ದು?"

ಹಿಂದೆ ನಗುವ ಶಬ್ದ ಬೇರೆ.

ಇದನ್ನಾದರೂ ನುಂಗಬಹುದಿತ್ತು. ಎರಡನೆಯದು ನುಂಗುವ ಹಾಗಿಲ್ಲ.

ಪುಷ್ಪಗಿರಿ ಅಂದರೆ ಕುಮಾರ ಪರ್ವತ, 1,712 ಮೀಟರ್. ಹತ್ತಲಿಕ್ಕೆ ಎರಡು ಕಡೆಯಿಂದ ದಾರಿ. ಕುಕ್ಕೆಯಿಂದ ಗಿರಿಗದ್ದೆ, ಕಲ್ಲುಮಂಟಪ, ಶೇಷಪರ್ವತದ ಮೂಲಕ ಹೋಗುವುದು ಉದ್ದದ್ದು, ಒಂದು ಬದಿಗೇ ಹದಿಮೂರು ಕಿ.ಮೀ. ಹತ್ತಿರ. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಅದರ ಅರ್ಧ, ಮಲ್ಲಳ್ಳಿಗೂ ಹತ್ತಿರ. ನಮಗೆ ಹೇಳಿದ್ದು ಬೀದಳ್ಳಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಅವಲಕ್ಕಿ ಕಟ್ಟಿಕೊಂಡು, ಒಬ್ಬೊಬ್ಬರೂ ಮೂರು ಲೀಟರ್ ನೀರು ಹೊತ್ತು, ಆರೂಕಾಲಕ್ಕೆ ಅರಣ್ಯ ಇಲಾಖೆಯ ಗೇಟಿನ ಎದುರು. ಗೇಟಿಗೆ ಬೀಗ.

ಒಳಗಿಂದ ಬಂದ ಗಾರ್ಡ್ ಮರ್ಯಾದಸ್ಥ. "ಟಿಕೆಟ್ ಉಂಟಾ ಸಾರ್?" ಮೊಬೈಲಿನಲ್ಲಿ ಏಜೆಂಟನ ಬಿಲ್ ತೋರಿಸಿದ್ದಾಯಿತು, "ಪರ್ಮಿಟ್ ಸೇರಿ" ಅಂತ ಬರೆದ ಜಾಗಕ್ಕೆ ಬೆರಳಿಟ್ಟು. ಅವರು ಕನ್ನಡಕ ಸರಿಮಾಡಿಕೊಂಡು ಮೇಲಿಂದ ಕೆಳಗೆ ಓದಿದರು. ಇನ್ನೊಮ್ಮೆ ಓದಿದರು. "ಇದರಲ್ಲಿ ಗಾಡಿ ನಂಬರ್ ಉಂಟು ಸಾರ್. ನಿಮ್ಮ ಒಬ್ಬರ ಹೆಸರೂ ಇಲ್ಲ. ಮತ್ತೆ ಈಗ ಟಿಕೆಟ್ ಇದ್ದರೂ ಬಿಡ್ಲಿಕ್ಕಿಲ್ಲ, ಬೆಂಕಿ ಕಾಲ ಅಲ್ವಾ."

ಬೆಂಕಿ ಕಾಲ. ಈ ಎರಡು ಶಬ್ದ ಗೊತ್ತಿದ್ದೂ ನೆನಪಾಗಲಿಲ್ಲವಲ್ಲ, ಅದೇ ಸಂಕಟ.

ಫೆಬ್ರವರಿಯಿಂದ ಮೇ ತನಕ ಆ ಗುಡ್ಡದ ಹುಲ್ಲು ಒಣಗಿ ಸೊಂಟದ ಎತ್ತರ ನಿಂತಿರುತ್ತದೆ. ಒಂದು ಬೀಡಿ ತುಂಡು ಸಾಕು, ಗಾಳಿಗೆ ಬೆಂಕಿ ಏರು ಹತ್ತಿ ಓಡುತ್ತದೆ. ಏರುಮುಖದಲ್ಲಿ ಬೆಂಕಿಯ ವೇಗ ಜಾಸ್ತಿ, ದಾರಿಯಲ್ಲಿದ್ದವರಿಗೆ ತಪ್ಪಿಸಿಕೊಳ್ಳಲಿಕ್ಕೆ ಜಾಗ ಇಲ್ಲ. ಬೆಂಕಿ ಹಬ್ಬದ ಹಾಗೆ ಹುಲ್ಲು ತೆಗೆದ ಪಟ್ಟಿ, ಅಂದರೆ ಬೆಂಕಿ ರೇಖೆ, ಕಡಿದಿಟ್ಟರೂ ಜನ ಓಡಾಡಿದರೆ ಭದ್ರತೆ ಇಲ್ಲ. ಅದಕ್ಕೇ ಬೇಸಿಗೆಯಲ್ಲಿ ಕುಕ್ಕೆ ಕಡೆಯೂ ಬೀದಳ್ಳಿ ಕಡೆಯೂ ಬಂದ್ ಮಾಡುತ್ತಾರೆ, ಮಳೆಗಾಲ ಕಳೆದ ಮೇಲೆ ತೆರೆಯುತ್ತಾರೆ. ತೆರೆದಾಗಲೂ ಹಾಗೇ ನುಗ್ಗುವ ಹಾಗಿಲ್ಲ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆ ಆದ ಮೇಲೆ ಕರ್ನಾಟಕದಲ್ಲಿ ನಿಯಮ ಬಿಗಿಯಾಯಿತು. ಆ ವರ್ಷ ಅಕ್ಟೋಬರಿನಿಂದ "ಅರಣ್ಯ ವಿಹಾರ" ಪೋರ್ಟಲಿನಲ್ಲಿ ಬುಕ್ ಮಾಡಬೇಕು, ದಿನಕ್ಕೆ ಒಂದು ದಾರಿಗೆ 300 ಜನರ ಮಿತಿ, ಹತ್ತುವವರ ಗುರುತಿನ ಚೀಟಿ ವಿವರ ಕೊಡಬೇಕು. ಏಜೆಂಟ್ ನಮ್ಮ ಆಧಾರ್ ಕೇಳಲೇ ಇಲ್ಲ. ಹನ್ನೆರಡು ಜನರಲ್ಲಿ ಒಬ್ಬರದ್ದೂ ಕೇಳಲಿಲ್ಲ! ಅಲ್ಲೇ ಎಚ್ಚರ ಆಗಬೇಕಿತ್ತು.

ಗೇಟಿನ ಎದುರು ನಿಂತು ಮಾಡಿದ ಫೋನಿಗೆ ಮೊದಲ ಉತ್ತರ: "ಅಲ್ಲಿ ನೂರಿನ್ನೂರು ಕೊಟ್ಟು ನೋಡಿ ಮಾಷೇ." ಗಾರ್ಡ್ ಎದುರಲ್ಲೇ ನಿಂತಿದ್ದಾರೆ, ಫೋನ್ ಸ್ಪೀಕರಿನಲ್ಲಿತ್ತು. ಭೂಮಿ ಬಾಯಿ ಬಿಟ್ಟರೆ ಸಾಕು ಅನಿಸಿತು.

ಎರಡನೇ ಉತ್ತರ ಹತ್ತು ನಿಮಿಷ ಬಿಟ್ಟು, ವಾಯ್ಸ್ ಮೆಸೇಜ್. ಇದನ್ನು ಇಟ್ಟುಕೊಂಡಿದ್ದೇನೆ: "ಮಾಷೇ, ಪರ್ಮಿಟ್ ಅಂದರೆ ಗಾಡಿ ಪರ್ಮಿಟ್. ಕೇರಳದ ಗಾಡಿ ಕರ್ನಾಟಕಕ್ಕೆ ಹೋಗ್ಬೇಕಾದರೆ ಪರ್ಮಿಟ್ ಬೇಡ್ವಾ? ಟ್ರೆಕ್ಕಿಂಗ್ ಪರ್ಮಿಟ್ ಅಂತ ನಾನು ಎಲ್ಲಿ ಬರೆದದ್ದು ಒಮ್ಮೆ ತೋರಿಸಿ."

ತೋರಿಸಲಿಕ್ಕೆ ಆಗಲಿಲ್ಲ. ಬರೆದಿರಲಿಲ್ಲ. "ಟ್ರೆಕ್ಕಿಂಗ್" ಒಂದು ಸಾಲಿನಲ್ಲಿ, "ಪರ್ಮಿಟ್" ಇನ್ನೊಂದು ಸಾಲಿನಲ್ಲಿ. ಎರಡನ್ನೂ ಸೇರಿಸಿ ಓದಿದ್ದು ನಾವು. ಅವಲಕ್ಕಿಯನ್ನು ಗೇಟಿನ ಬದಿಯ ಕಲ್ಲಿನ ಮೇಲೆ ಕೂತು ತಿಂದದ್ದಾಯಿತು, ಯಾರೂ ಮಾತಾಡಲಿಲ್ಲ.

ಇಷ್ಟಕ್ಕೇ ನಿಲ್ಲಲಿಲ್ಲ. ಗಾಡಿ ಪರ್ಮಿಟ್ "ಸೇರಿ" ಅಂದವನು ಕೊನೆಯ ಬಿಲ್ಲಿನಲ್ಲಿ "ಕರ್ನಾಟಕ ಟ್ಯಾಕ್ಸ್ 1,900" ಅಂತ ಪ್ರತ್ಯೇಕ ಹಾಕಿದ. ಪರ್ಮಿಟ್ ಬೇರೆ, ಟ್ಯಾಕ್ಸ್ ಬೇರೆ ಅಂತೆ. ಹಾಗಾದರೆ ರಸೀದಿ ಕೊಡು. ತೆರಿಗೆ ಆನ್‌ಲೈನಲ್ಲಿ ಕಟ್ಟಿದರೆ ಗಾಡಿ ನಂಬರ್, ಯಾವ ದಿನದಿಂದ ಯಾವ ದಿನದ ತನಕ ಅಂತ ಇರುವ ರಸೀದಿ ಬರುತ್ತದೆ. ಇವತ್ತಿನ ತನಕ ಅದು ಬಂದಿಲ್ಲ.

ಮೂರನೆಯ ಗುಂಡಿ ಕಿಲೋಮೀಟರಿನದ್ದು. ಟ್ರಾವೆಲರ್ ಬಾಡಿಗೆಗೆ ಹಿಡಿದ ಎಲ್ಲರಿಗೂ ಗೊತ್ತು, ಹೊರ ಊರಿಗೆ ಹೋಗುವುದಾದರೆ ದಿನಕ್ಕೆ 250 ಅಥವಾ 300 ಕಿ.ಮೀ. ಅಂತ ಲೆಕ್ಕ. "300 ಕಿ.ಮೀ." ಅಂತ ಕಂಡಾಗ ದಿನಕ್ಕೆ ಅಂತಲೇ ತಿಳಿದದ್ದು, ಯಾರಾದರೂ ಹಾಗೇ ತಿಳಿಯುತ್ತಾರೆ. ಅವನದ್ದು ಮೂರು ದಿನಕ್ಕೆ ಸೇರಿ 300! ಅವನೇ ಬರೆದ ದಾರಿಯನ್ನು ಅಳೆದು ನೋಡಿ. ಕಾಸರಗೋಡಿನಿಂದ ಮಡಿಕೇರಿಗೆ ಸುಮಾರು 110. ಮಡಿಕೇರಿಯಿಂದ ಸೋಮವಾರಪೇಟೆ, ಮಲ್ಲಳ್ಳಿಗೆ ಹೋಗಿ ಬರುವಾಗ 130. ಭಾಗಮಂಡಲ, ತಲಕಾವೇರಿಗೆ 48. ಅಲ್ಲಿಂದ ಕರಿಕೆ, ಪಾಣತ್ತೂರು, ಕಾಞಂಗಾಡಿನ ಮೇಲೆ ಮನೆಗೆ ನೂರರ ಮೇಲೆ. ರಾಣಿಪುರಂ ಹತ್ತಿ ಇಳಿಯಲು ಇಪ್ಪತ್ತು. ಹೇಗೆ ಕೂಡಿಸಿದರೂ 400 ದಾಟುತ್ತದೆ. ಈ ದಾರಿಯಲ್ಲಿ ದಿನಾ ಗಾಡಿ ಓಡಿಸುವವನಿಗೆ ಅದು ಗೊತ್ತಿಲ್ಲವಾ? ಗೊತ್ತಿದ್ದೇ 300 ಬರೆದದ್ದು.

ಮೇಲಿಂದ ಶೆಡ್‌ನಿಂದ ಶೆಡ್‌ಗೆ ಲೆಕ್ಕ, ಅಂದರೆ ಗಾಡಿ ತನ್ನ ಶೆಡ್ ಬಿಟ್ಟಲ್ಲಿಂದ ವಾಪಸ್ ಅಲ್ಲಿಗೆ ಮುಟ್ಟುವ ತನಕ. ಗಾಡಿ ಬಂದದ್ದು ಚೆರುವತ್ತೂರಿನ ಆ ಕಡೆಯಿಂದ, ಆ ಹೋಗಿ ಬರುವ 80 ಕಿ.ಮೀ. ಕೂಡ ನಮ್ಮ ತಲೆಗೆ. ಮೀಟರ್ ತೋರಿಸಿದ್ದು 528. ಜಾಸ್ತಿಯಾದ 228ಕ್ಕೆ ಕಿ.ಮೀ.ಗೆ 24ರಂತೆ 5,472. ಡ್ರೈವರ್ ಬಾಟಾ, ಅಂದರೆ ಅವನ ದಿನಭತ್ಯೆ, ದಿನಕ್ಕೆ 600ರಂತೆ 1,800, ಅದೂ ಸೇರಿಲ್ಲವಂತೆ. ಟ್ಯಾಕ್ಸ್ 1,900. ಒಟ್ಟು 9,172 ಜಾಸ್ತಿ. ರಾತ್ರಿ ಒಂಬತ್ತೂವರೆಗೆ ಮನೆ ಅಂಗಳದಲ್ಲಿ ನಿಂತು ಜಗಳ. ಕೊಡುವುದಿಲ್ಲ ಅಂದರೆ ಡ್ರೈವರಿನ ಸಂಬಳದಲ್ಲಿ ಕತ್ತರಿಸುತ್ತಾರಂತೆ. ಅವನು ಪಾಪದವ, ಮೂರು ದಿನ ಒಂದು ಮಾತು ಜೋರಾಗಿ ಆಡಿದವನಲ್ಲ. ಕೊನೆಗೆ 7,000 ಕೊಟ್ಟದ್ದು ಅವನ ಮುಖ ನೋಡಿ. ಏಜೆಂಟನಿಗೆ ಇದೂ ಗೊತ್ತು, ಅದಕ್ಕೇ ಬಿಲ್ಲನ್ನು ಡ್ರೈವರಿನ ಕೈಯಲ್ಲಿ ಕಳಿಸುವುದು.

ಮಾಂದಲಪಟ್ಟಿ ಗುಡ್ಡದ ಬಗ್ಗೆ ಒಂದು ಮಾತು, ಅಲ್ಲಿ ಹಣ ಹೋದದ್ದು ನಮ್ಮ ಬೇಜವಾಬ್ದಾರಿಯಿಂದಲೇ. ಮೇಲಿನ ದಾರಿ ಕೊರಕಲು, ಟ್ರಾವೆಲರ್ ಹೋಗುವುದಿಲ್ಲ, ಫೋರ್ ವೀಲ್ ಜೀಪೇ ಬೇಕು. ಬಾಡಿಗೆ ಜೀಪಿಗೆ, ತಲೆಗಲ್ಲ. ಹನ್ನೆರಡು ಜನಕ್ಕೆ ಎರಡು ಜೀಪ್. ಪ್ಯಾಕೇಜಿನಲ್ಲಿ "ಮಾಂದಲಪಟ್ಟಿ" ಅಂತ ಇದ್ದರೆ ಜೀಪ್ ಸೇರಿದೆಯಾ ಅಂತ ಬಾಯಿಬಿಟ್ಟು ಕೇಳಬೇಕು. ನಾವು ಕೇಳಲಿಲ್ಲ.

ರಾಣಿಪುರಂ ಕತೆಯೂ ಇಷ್ಟೇ. ಹಳೆಯ ಹೆಸರು ಮಾಡತ್ತುಮಲ, ಹುಲ್ಲುಗಾವಲಿನ ತುದಿಗೆ ಎರಡೂವರೆ ಕಿ.ಮೀ. ನಡಿಗೆ, ಚಂದದ ಜಾಗ. ಆದರೆ ಕೇರಳ ಅರಣ್ಯ ಇಲಾಖೆಯವರು ಸಂಜೆ ಹೊತ್ತಿಗೆ ಮೇಲೆ ಹತ್ತಲು ಬಿಡುವುದಿಲ್ಲ. ಅವನ ಪಟ್ಟಿಯಲ್ಲಿ ರಾಣಿಪುರಂ ಇದ್ದದ್ದು ಮೂರನೇ ದಿನ ಸಂಜೆ ನಾಲ್ಕೂವರೆಗೆ. ಟಿಕೆಟ್ ಕೌಂಟರಿನ ಎದುರು ಗಾಡಿ ತಿರುಗಿಸಿ ಬಂದದ್ದಷ್ಟೇ. ಕಿಲೋಮೀಟರ್ ಮಾತ್ರ ಸೇರಿತು. ಅಲ್ಲಿಗೆ ಹೋಗುವುದಾದರೆ ತಿರುಗಿಸಿ ಹೋಗಿ, ಮೊದಲ ದಿನ ಬೆಳಿಗ್ಗೆಯೇ ಪಾಣತ್ತೂರು ದಾರಿ ಹಿಡಿದು ಹತ್ತಿ ಇಳಿದು, ಆಮೇಲೆ ಕರಿಕೆ ಘಾಟಿ ಹತ್ತಿ ಭಾಗಮಂಡಲ. ಕರಿಕೆ ದಾರಿ ಅಗಲ ಕಿರಿದು, ಸುತ್ತ ಕಾಡು, ಎದುರು ಬಸ್ ಬಂದರೆ ಒಬ್ಬರು ಹಿಂದೆ ಹೋಗಬೇಕು. ಆನೆಯೂ ಉಂಟು. ಹಗಲಿನಲ್ಲೇ ದಾಟಬೇಕು, ಪೆಟ್ರೋಲ್ ಕೆಳಗೆಯೇ ತುಂಬಿಸಿಕೊಳ್ಳಬೇಕು.

ದುಡ್ಡು ವಾಪಸ್ ಕೇಳಿದ್ದಕ್ಕೆ ಸಿಕ್ಕಿದ ಉತ್ತರಗಳು, ಸಾಲಾಗಿ: "ನೋಡ್ತೇನೆ ಮಾಷೇ." "ಪಾರ್ಟ್ನರ್ ಗಲ್ಫಿಗೆ ಹೋಗಿದ್ದಾನೆ." "ಪ್ರಕೃತಿ ನಮ್ಮ ಕೈಯಲ್ಲಿ ಉಂಟಾ?" ಕೊನೆಯದ್ದು: "ಮಳೆಗಾಲ ಕಳೆದು ಬನ್ನಿ, ಹತ್ತು ಪರ್ಸೆಂಟ್ ಕಡಿಮೆ ಮಾಡಿ ಕೊಡುವ. ಆಗ ನೀರೂ ಇರ್ತದೆ." ಆಗ ನೀರು ಇರ್ತದೆ ಅಂತ ಅವನಿಗೆ ಗೊತ್ತುಂಟು! ಹಾಗಾದರೆ ಏಪ್ರಿಲಿನಲ್ಲಿ ಇರುವುದಿಲ್ಲ ಅಂತಲೂ ಗೊತ್ತಿತ್ತು.

ನೀವು ಹೋಗುವುದಾದರೆ ಇಷ್ಟು ಮಾಡಿ. ಬೇಸಿಗೆಯಲ್ಲಿ ಜಲಪಾತದ ಹೆಸರಿನಲ್ಲಿ ಒಂದು ರೂಪಾಯಿಯೂ ಕೊಡಬೇಡಿ, ತಲಕಾವೇರಿಯ ಬೆಳಗ್ಗಿನ ತಂಪಿಗೆ ಹೋಗಿ, 1,276 ಮೀಟರ್ ಎತ್ತರ, ಅದಕ್ಕೆ ಮೋಸ ಇಲ್ಲ. ಫಾಲ್ಸ್ ನೋಡಬೇಕು ಅಂತಲೇ ಇದ್ದರೆ ಸೆಪ್ಟೆಂಬರ್ ಕೊನೆಗೆ. ಚಾರಣದ ಟಿಕೆಟನ್ನು ನಿಮ್ಮ ಫೋನಿನಿಂದ ನೀವೇ ಮಾಡಿ, ಪೋರ್ಟಲಿನಲ್ಲಿ ಆ ದಿನ ತೆರೆಯದಿದ್ದರೆ ಗುಡ್ಡವೂ ತೆರೆದಿಲ್ಲ ಅಂತ ಅರ್ಥ. ಗಾಡಿಯವನಿಂದ "ದಿನಕ್ಕೆ ಇಷ್ಟು ಕಿ.ಮೀ., ಲೆಕ್ಕ ನಮ್ಮ ಮನೆಯಿಂದ, ಬಾಟಾ, ಟ್ಯಾಕ್ಸ್, ಪಾರ್ಕಿಂಗ್ ಸೇರಿ" ಅಂತ ಬರೆಸಿಕೊಳ್ಳಿ. ಹೊರಡುವಾಗ ಮೀಟರಿನ ಫೋಟೋ ತೆಗೆಯಿರಿ. ಹಳದಿ ಬೋರ್ಡ್ ಇಲ್ಲದ ಗಾಡಿ ಬಂದರೆ ಹತ್ತಲೇಬೇಡಿ. ಅಡ್ವಾನ್ಸ್ ಹತ್ತು ಪರ್ಸೆಂಟಿನ ಮೇಲೆ ಕೇಳಿದರೆ ಬೇರೆಯವನನ್ನು ಹುಡುಕಿ.

ಈಗಾಗಲೇ ಬಿದ್ದವರು 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದ ಒಳಗಾದರೆ ಶುಲ್ಕ ಇಲ್ಲ. ವಾಯ್ಸ್ ಮೆಸೇಜ್ ಅಳಿಸಬೇಡಿ.

ನಿನ್ನೆ ಅವನ ಸ್ಟೇಟಸ್ ನೋಡಿದೆ. "ಮೇ ಸ್ಪೆಷಲ್, ಫಾಲ್ಸ್ + ಟ್ರೆಕ್ಕಿಂಗ್, ಸೀಟು ಕೆಲವೇ ಬಾಕಿ." ಅದೇ ಮಲ್ಲಳ್ಳಿ, ಅದೇ ಕೆಂಪು ನೀರು. ಎಡಮೂಲೆ ಮಾತ್ರ ಕತ್ತರಿಸಿದ್ದಾನೆ, ಕೊಡೆ ಹಿಡಿದವರು ಇಲ್ಲ.