ರಜೆಗೆ ಪುಸ್ತಕ ಗಿಫ್ಟ್: ಯಾವುದನ್ನ ಓದ್ತಾರೆ, ಯಾವುದು ಸೀದಾ ಕಪಾಟು ಸೇರತ್ತೆ

ರಜೆ ಹತ್ರ ಬಂತು ಅಂದ್ರೆ ಸಾಕು, "ನಮ್ಮ ತಮ್ಮನಿಗೆ ಒಂದು ಪುಸ್ತಕ ಹೇಳಿ, ಅವನಿಗೆ ಸೈನ್ಸ್ ಅಂದ್ರೆ ಇಷ್ಟ" ಅಂತ ಕೇಳೋರು ಶುರು ಆಗ್ತಾರೆ. ಸೈನ್ಸ್ ಇಷ್ಟ ಅನ್ನೋದ್ರಿಂದ ಏನೂ ಗೊತ್ತಾಗಲ್ಲ ಕಣ್ರೀ. ಅವನು ಯಾವಾಗ ಓದ್ತಾನೆ, ಬಸ್ಸಲ್ಲಾ ಮಲಗೋ ಮುಂಚೆನಾ, ಹೋದ ವರ್ಷ ಕೊನೆ ಪುಟದ ತನಕ ಓದಿದ್ದು ಯಾವುದು, ಅರ್ಧಕ್ಕೆ ಮಡಚಿಟ್ಟಿದ್ದು ಯಾವುದು, ಇಷ್ಟು ಹೇಳಿ, ಆಮೇಲೆ ಪುಸ್ತಕ ಹುಡುಕೋಣ. ಯಾಕಂದ್ರೆ ಪುಸ್ತಕವಾಗಿ ಚೆನ್ನಾಗಿರೋದೆಲ್ಲ ಗಿಫ್ಟ್ ಆಗಿ ಚೆನ್ನಾಗಿರಲ್ಲ. ನಾನು ಕೊಟ್ಟಿದ್ದು, ನನಗೆ ಬಂದಿದ್ದು, ಬೇರೆಯವರ ಮನೇಲಿ ಪ್ಲಾಸ್ಟಿಕ್ ಕವರ್ ಸಮೇತ ಹಾಗೇ ಕೂತಿರೋದು, ಎಲ್ಲ ಸೇರಿಸಿ ಬರೀತಿದೀನಿ.

ಸೈನ್ಸ್ ಅಂದ ತಕ್ಷಣ ಎಲ್ಲರ ಕೈ ಹೋಗೋದು ಸ್ಟೀಫನ್ ಹಾಕಿಂಗ್ ಅವರ 'ಎ ಬ್ರೀಫ್ ಹಿಸ್ಟರಿ ಆಫ್ ಟೈಮ್' ಕಡೆಗೆ. 1988ರ ಪುಸ್ತಕ, ಕೊಂಡವರು ಜಾಸ್ತಿ ಓದಿ ಮುಗಿಸಿದವರು ಕಮ್ಮಿ ಅನ್ನೋ ತಮಾಷೆ ಅದರ ಹಿಂದೆ ಮೊದಲಿಂದಲೂ ಇದೆ. ಸಮೀಕರಣ ಹಾಕಿದ್ರೆ ಸೇಲ್ ಬಿದ್ದುಹೋಗತ್ತೆ ಅಂತ ಯಾರೋ ಹೆದರಿಸಿದ್ರಂತೆ, ಅದಕ್ಕೇ ಐನ್‌ಸ್ಟೈನ್ ಅವರ ಆ ಒಂದು ಫೇಮಸ್ ಸಮೀಕರಣ ಬಿಟ್ರೆ ಇಡೀ ಪುಸ್ತಕದಲ್ಲಿ ಇನ್ನೊಂದಿಲ್ಲ. ಆದ್ರೆ ಸಮೀಕರಣ ಇಲ್ಲ ಅಂದಮಾತ್ರಕ್ಕೆ ಸುಲಭ ಅಂತೇನಲ್ಲ, ಕಾಲ್ಪನಿಕ ಕಾಲದ (ಗಣಿತದ 'ಇಮ್ಯಾಜಿನರಿ' ಸಂಖ್ಯೆಗಳಲ್ಲಿ ಅಳೆಯೋ ಕಾಲ) ವಿಷಯ ಬರೋಷ್ಟರಲ್ಲಿ ಬಹಳ ಜನ ಪುಸ್ತಕ ಕೆಳಗಿಟ್ಟಿರ್ತಾರೆ. ಫಿಸಿಕ್ಸ್ ಹುಚ್ಚು ಇರೋರ ಹತ್ರ ಇದು ಆಗಲೇ ಇರತ್ತೆ, ಹುಚ್ಚು ಇಲ್ಲದೋರು ಓದಲ್ಲ. ಹಂಗಾಗಿ ಗಿಫ್ಟಿಗೆ ಬೇಡ.

ಅದರ ಬದಲು ನಾನು ಕಣ್ಣು ಮುಚ್ಕೊಂಡು ಹೇಳೋದು ಡಾವಾ ಸೊಬೆಲ್ ಅವರ 'ಲಾಂಗಿಟ್ಯೂಡ್' (1995). ಸಣ್ಣ ಪುಸ್ತಕ, ಎರಡು ಮೂರು ಸಂಜೇಲಿ ಮುಗಿಯತ್ತೆ. ಸಮುದ್ರದ ಮಧ್ಯೆ ಹಡಗು ಎಲ್ಲಿದೆ ಅಂತ ಗೊತ್ತಾಗದೆ ಜನ ಸಾಯ್ತಿದ್ದ ಕಾಲ ಅದು, 1707ರಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗುಗಳು ಇಂಗ್ಲೆಂಡ್ ತುದಿಯ ಸಿಲ್ಲಿ ದ್ವೀಪಗಳ ಬಂಡೆಗೆ ಹೊಡ್ದು ಮುಳುಗಿದ್ವು, 1714ರಲ್ಲಿ ಪಾರ್ಲಿಮೆಂಟು ರೇಖಾಂಶ ಕಂಡುಹಿಡಿಯೋ ದಾರಿ ತೋರಿಸಿದೋರಿಗೆ 20,000 ಪೌಂಡ್ ತನಕ ಬಹುಮಾನ ಅಂತ ಕಾನೂನೇ ಮಾಡ್ತು. ದೊಡ್ಡ ದೊಡ್ಡ ಖಗೋಳಜ್ಞರೆಲ್ಲ ಚಂದ್ರ ನಕ್ಷತ್ರ ನೋಡ್ತಾ ಕೂತಿದ್ರೆ ಜಾನ್ ಹ್ಯಾರಿಸನ್ ಅನ್ನೋ ಬಡಗಿ ಮನೆ ಹುಡುಗ, ಕಾಲೇಜು ಮೆಟ್ಟಿಲು ಹತ್ತದವನು, ಅಲ್ಲಾಡೋ ಹಡಗಲ್ಲೂ ಟೈಮ್ ತಪ್ಪದ ಗಡಿಯಾರ ಮಾಡೋಕೆ ಜೀವನ ಪೂರ್ತಿ ಸವೆಸಿದ, ಯಾಕಂದ್ರೆ ಹೊರಟ ಊರಿನ ಟೈಮಿಗೂ ಹಡಗಿರೋ ಜಾಗದ ಟೈಮಿಗೂ ಎಷ್ಟು ವ್ಯತ್ಯಾಸ ಅಂತ ಗೊತ್ತಾದ್ರೆ ರೇಖಾಂಶ ಸಿಕ್ಕಿಬಿಡತ್ತೆ. ಸಾಧಿಸಿದ ಮೇಲೂ ಬಹುಮಾನಕ್ಕೆ ಅಲೀಬೇಕಾಯ್ತು. ಇಂಜಿನಿಯರುಗಳು, ಗಡಿಯಾರ ರೇಡಿಯೋ ಬಿಚ್ಚಿ ನೋಡೋ ಜಾತಿಯವರು, "ನನಗೆ ಕತೆ ಪುಸ್ತಕ ಆಗಲ್ಲ" ಅನ್ನೋರು, ಎಲ್ಲರಿಗೂ ಹಿಡಿಸತ್ತೆ, ಕತೆ ಓದಿದ್ದು ಅಂತ ಅವರಿಗೇ ಗೊತ್ತಾಗಲ್ಲ. ಮೈನಸ್ ಏನು ಅಂದ್ರೆ ಮಾಮೂಲಿ ಪ್ರತೀಲಿ ಚಿತ್ರಗಳು ಇಲ್ಲ ಅನ್ನೋಷ್ಟು ಕಮ್ಮಿ, ಗಡಿಯಾರದ ಬಗ್ಗೆ ಪುಸ್ತಕದಲ್ಲಿ ಗಡಿಯಾರನೇ ಕಾಣಲ್ಲ ಅಂದ್ರೆ ಬೇಜಾರಲ್ವಾ. 1998ರಲ್ಲಿ ಬಂದ ಸಚಿತ್ರ ಆವೃತ್ತಿ ಸಿಕ್ಕಿದ್ರೆ ಬಿಡಬೇಡಿ, ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ.

ಮ್ಯಾನೇಜರ್ ಥರದ ಜನಕ್ಕೆ ಎಲ್ಲರೂ ಕೊಡೋದು ಡೇನಿಯಲ್ ಕಾನಮನ್ ಅವರ 'ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ' (2011). ಗಂಭೀರ ಪುಸ್ತಕನೇ, ಬರೆದವರು ಅರ್ಥಶಾಸ್ತ್ರದ ನೊಬೆಲ್ ತಗೊಂಡವರು. ಆದ್ರೆ ದಪ್ಪ, ಮತ್ತೆ ಅದರಲ್ಲಿ ಪ್ರೈಮಿಂಗ್ (ಮುಂಚೆ ಕಂಡಿದ್ದು ಕೇಳಿದ್ದು ನಮಗೇ ಗೊತ್ತಿಲ್ಲದೆ ಆಮೇಲಿನ ನಡವಳಿಕೆ ಬದಲಾಯಿಸೋದು) ಬಗ್ಗೆ ಇರೋ ಅಧ್ಯಾಯದ ಎಷ್ಟೋ ಪ್ರಯೋಗಗಳು ಆಮೇಲೆ ಬೇರೆಯವರು ಮಾಡಿ ನೋಡಿದಾಗ ನಿಲ್ಲಲಿಲ್ಲ, ಸಣ್ಣ ಸಣ್ಣ ಸ್ಯಾಂಪಲ್ಲಿನ ಅಧ್ಯಯನಗಳನ್ನ ಜಾಸ್ತಿ ನಂಬಿಬಿಟ್ಟೆ ಅಂತ ಅವರೇ 2017ರಲ್ಲಿ ಒಪ್ಕೊಂಡ್ರು. ಇದನ್ನ ಕೊಡೋದಾದ್ರೆ ಒಂದು ಚೀಟೀಲಿ ಈ ವಿಷಯ ಬರೆದು ಒಳಗಿಡಿ, ಓದೋರಿಗೆ ಉಪಕಾರ ಆಗತ್ತೆ. ಇನ್ನು ಬೆಳಗ್ಗೆ ಬೇಗ ಏಳೋದು, ದುಡ್ಡು ಉಳಿಸೋದು, ತೂಕ ಇಳಿಸೋದು ಹೇಳಿಕೊಡೋ ಪುಸ್ತಕಗಳನ್ನ ಯಾರೂ ಬಾಯಿಬಿಟ್ಟು ಕೇಳದೆ ಕೊಡ್ಲೇಬೇಡಿ. ಅದು ಗಿಫ್ಟಲ್ಲ, ಬಣ್ಣದ ಕಾಗದ ಸುತ್ತಿದ ಕಂಪ್ಲೇಂಟು.

ಡಾಕ್ಟರು, ನರ್ಸು, ಲಾ ಓದ್ತಿರೋರು ಇದ್ರೆ ರೆಬೆಕಾ ಸ್ಕ್ಲೂಟ್ ಅವರ 'ದಿ ಇಮ್ಮಾರ್ಟಲ್ ಲೈಫ್ ಆಫ್ ಹೆನ್ರಿಯೆಟಾ ಲ್ಯಾಕ್ಸ್' (2010). 1951ರಲ್ಲಿ ಕ್ಯಾನ್ಸರಿಂದ ತೀರಿಕೊಂಡ 31 ವರ್ಷದ ಹೆಂಗಸಿನ ಜೀವಕೋಶಗಳನ್ನ ಅವಳನ್ನ ಒಂದು ಮಾತು ಕೇಳದೆ ತಗೊಂಡ್ರು, ಅವು ಲ್ಯಾಬುಗಳಲ್ಲಿ ಇವತ್ತಿಗೂ ಬೆಳೀತಾ ಇವೆ, ಮನೆಯವರಿಗೆ ಎಷ್ಟೋ ವರ್ಷ ವಿಷಯನೇ ಗೊತ್ತಿರಲಿಲ್ಲ. ಹೀಲಾ ಕೋಶ (ಅವಳ ಹೆಸರಿನ ಮೊದಲ ಅಕ್ಷರಗಳಿಂದ ಬಂದಿದ್ದು) ಅಂತ ಪಾಠದಲ್ಲಿ ಓದಿದವರಿಗೆ ಆ ಹೆಸರಿನ ಹಿಂದೆ ಒಂದು ಸಂಸಾರ ಇತ್ತು ಅಂತ ಗೊತ್ತಾದಾಗ ಪುಸ್ತಕ ಬಿಡೋಕಾಗಲ್ಲ. ಇದೇ ಸಾಲಲ್ಲಿ ಜನ ಪಾಲ್ ಕಲಾನಿಧಿ ಅವರ 'ವೆನ್ ಬ್ರೆತ್ ಬಿಕಮ್ಸ್ ಏರ್' ಕೂಡ ಕೊಡ್ತಾರೆ, ಶ್ವಾಸಕೋಶದ ಕ್ಯಾನ್ಸರ್ ಬಂದ ನರರೋಗ ಸರ್ಜನ್ ತಾನೇ ಬರೆದಿದ್ದು, ಅವರು ಹೋದಮೇಲೆ 2016ರಲ್ಲಿ ಪ್ರಿಂಟ್ ಆಯ್ತು, ಕೊನೆ ಭಾಗ ಹೆಂಡತಿ ಬರೆದಿದಾರೆ. ಚೆನ್ನಾಗಿದೆ, ಆದ್ರೆ ಮನೇಲಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ದಯವಿಟ್ಟು ಬೇಡ, "ಧೈರ್ಯ ಬರತ್ತೆ" ಅಂತ ನೀವು ಅಂದ್ಕೋತೀರಿ, ಅವರಿಗೆ ರಾತ್ರಿ ನಿದ್ದೆ ಬರಲ್ಲ.

ಸಾಹಿತ್ಯಕ್ಕೆ ಬಂದ್ರೆ ಓದೋ ಅಭ್ಯಾಸ ತಪ್ಪಿಹೋಗಿರೋರಿಗೆ, ಅಂದ್ರೆ "ಮುಂಚೆ ತುಂಬ ಓದ್ತಿದ್ದೆ, ಈಗ ಎಲ್ಲಿ" ಅನ್ನೋರಿಗೆ, ಸಣ್ಣದೇ ಸರಿ. ಐರ್ಲೆಂಡಿನ ಕ್ಲೇರ್ ಕೀಗನ್ ಅವರ 'ಸ್ಮಾಲ್ ಥಿಂಗ್ಸ್ ಲೈಕ್ ದೀಸ್' ನೂರು ಚಿಲ್ಲರೆ ಪುಟ, 1985ರ ಕ್ರಿಸ್‌ಮಸ್ ಸಮಯ, ಕಲ್ಲಿದ್ದಲು ಮಾರೋ ಒಬ್ಬ ಸಾಧಾರಣ ಮನುಷ್ಯ ಕಾನ್ವೆಂಟಿಗೆ (ಶಾಲೆ ಅಲ್ಲ, ಕ್ರೈಸ್ತ ಸನ್ಯಾಸಿನಿಯರ ಮಠ) ಲೋಡ್ ಹಾಕೋಕೆ ಹೋಗಿ ನೋಡಬಾರದ್ದನ್ನ ನೋಡ್ತಾನೆ. 2022ರಲ್ಲಿ ಬುಕರ್ ಪ್ರಶಸ್ತಿಯ ಅಂತಿಮ ಪಟ್ಟೀಲಿ ಇತ್ತು. ಒಂದೇ ಕೂತಲ್ಲಿ ಮುಗಿಯತ್ತೆ, ಮುಗಿಸಿದೆ ಅನ್ನೋ ಖುಷಿಗೇ ಅವರು ಇನ್ನೊಂದು ಪುಸ್ತಕ ಕೈಗೆ ತಗೋತಾರೆ, ಅದೇ ಬೇಕಾಗಿರೋದು.

ಕನ್ನಡದಲ್ಲಿ ಅಷ್ಟೇ ಸಣ್ಣದು ಬೇಕಂದ್ರೆ ವಿವೇಕ ಶಾನಭಾಗರ 'ಘಾಚರ್ ಘೋಚರ್' (2013). ದಿಢೀರ್ ಅಂತ ದುಡ್ಡು ಬಂದ ಮನೆಯೊಳಗೆ ಏನೇನಾಗತ್ತೆ ಅನ್ನೋದು. ಕನ್ನಡ ಓದೋ ಹೆಂಡತಿ, ಕನ್ನಡ ಓದೋಕೆ ಬರದ ಗಂಡ, ಇಂಥ ಜೋಡಿ ಇದ್ರೆ ಮೂಲ ಒಂದು, ಶ್ರೀನಾಥ್ ಪೇರೂರ್ ಮಾಡಿರೋ ಇಂಗ್ಲಿಷ್ ಅನುವಾದ ಒಂದು, ಎರಡೂ ಸೇರಿಸಿ ಕೊಡಿ, ಇಬ್ಬರೂ ಒಂದೇ ವಾರದಲ್ಲಿ ಓದಿ ಜಗಳ ಆಡ್ಲಿ. 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂದಮೇಲೆ ಬಾನು ಮುಷ್ತಾಕರ 'ಹಾರ್ಟ್ ಲ್ಯಾಂಪ್' ಕೊಡೋರು ಜಾಸ್ತಿ ಆಗಿದಾರೆ, ದೀಪಾ ಭಾಸ್ತಿ ಅನುವಾದ, 12 ಕತೆ. ಕತೆಗಳು ಗಟ್ಟಿ, ಆದ್ರೆ ಒಂದಾದ ಮೇಲೆ ಒಂದು ಓದಿದ್ರೆ ಎದೆ ಭಾರ ಆಗತ್ತೆ, ದಿನಕ್ಕೊಂದು ಓದೋರಿಗೆ ಸರಿ. ಕನ್ನಡ ಸಲೀಸಾಗಿ ಓದೋರಿಗೆ ಮಾತ್ರ ಇಂಗ್ಲಿಷ್ ಯಾಕೆ, ಅವರ ಕನ್ನಡ ಸಂಕಲನಗಳನ್ನೇ ಕೊಡಿ.

ಹೈಸ್ಕೂಲ್ ಹುಡುಗ್ರಿಗೆ ತೇಜಸ್ವಿಯವರ 'ಕರ್ವಾಲೋ', ಎರಡನೇ ಮಾತಿಲ್ಲ, ಹಾರುವ ಓತಿ ಹುಡುಕ್ಕೊಂಡು ಹೋಗೋ ಕತೆ ಯಾರಿಗೆ ಬೇಡ.

ರಿಟೈರ್ ಆಗಿ ಟೈಮ್ ಇರೋ ದೊಡ್ಡವರಿಗೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕೊಡೋಣ ಅನ್ಸತ್ತೆ, 1967ರ ಕಾದಂಬರಿ, ಗುತ್ತಿ ಮತ್ತೆ ಅವನ ನಾಯಿ ಹುಲಿಯನ ಜೊತೆ ಕಾಡೊಳಗೆ ಹೊಕ್ಕರೆ ಆಚೆ ಬರೋಕೆ ತಿಂಗಳು ಬೇಕು. ಆದ್ರೆ ಇಲ್ಲಿ ತೊಂದರೆ ಸಾಹಿತ್ಯದ್ದಲ್ಲ, ತೂಕದ್ದು ಮತ್ತೆ ಅಕ್ಷರದ್ದು. ಕ್ಯಾಲಿಕೊ ಬೈಂಡಿನ ಅಷ್ಟು ದಪ್ಪ ಪುಸ್ತಕನ ಮಲಗಿ ಎದೆ ಮೇಲೆ ಇಟ್ಕೊಂಡು ಓದೋಕಾಗಲ್ಲ, ಕಣ್ಣಿನ ಆಪರೇಷನ್ ಆದವರಿಗೆ ಸಣ್ಣ ಅಕ್ಷರ ಆಗಿಬರಲ್ಲ. ಅಂಗಡೀಲಿ ಒಂದು ಪುಟ ತೆಗೆದು ಕೈ ಚಾಚಿದಷ್ಟು ದೂರದಿಂದ ಓದಿ ನೋಡಿ, ನಿಮಗೇ ಕಷ್ಟ ಅಂದ್ರೆ ಅವರಿಗೆ ಕೊಡಬೇಡಿ, ಆಡಿಯೋ ಬುಕ್ಕೋ ದಪ್ಪಕ್ಷರದ ಬೇರೆ ಮುದ್ರಣನೋ ಹುಡುಕಿ.

ಆನ್‌ಲೈನಲ್ಲಿ ತರಿಸೋರು ಪ್ಯಾಕ್ ಮಾಡೋ ಮುಂಚೆ ಪುಟಗಳನ್ನ ಒಂದ್ಸಲ ತಿರುವಿ ಹಾಕಿ, ಒಂದು ಫಾರಂ (ಒಟ್ಟಿಗೆ ಅಚ್ಚಾಗೋ ಪುಟಗಳ ಕಟ್ಟು) ಎರಡೆರಡು ಸಲ ಬಂದು ಇನ್ನೊಂದು ಇಲ್ಲದೇ ಇರೋ ಪ್ರತಿಗಳು ಬರ್ತಾವೆ. ಗಿಫ್ಟ್ ತಗೊಂಡವರು ಪಾಪ ಸಂಕೋಚಕ್ಕೆ ನಿಮಗೆ ಹೇಳೋದೂ ಇಲ್ಲ. ಮೊದಲ ಪುಟದಲ್ಲಿ ಪೆನ್ನಲ್ಲಿ ದೊಡ್ಡದಾಗಿ ಹೆಸರು ಬರೆಯೋ ಚಟ ಇದ್ರೆ ಸ್ವಲ್ಪ ತಡೀರಿ, ಅವರ ಹತ್ರ ಆ ಪುಸ್ತಕ ಆಗಲೇ ಇದ್ರೆ ಬದಲಾಯಿಸೋಕೆ ದಾರಿ ಇರಲಿ, ಬಿಲ್ಲು ನಿಮ್ಮ ಹತ್ರ ಇಟ್ಕೊಂಡಿರಿ.